ವಿಚಾರಿಸಿ ತಗೊಂಡ ಟೀ ಅಂಗಡಿ

ವಿಚಾರಿಸದೆ ತಗೊಂಡೆ ಅಂತ ಮಾತ್ರ ಯಾರೂ ನನ್ನನ್ನು ದೂರಬಾರದು. ಬೇರೆ ಏನು ಬೇಕಾದರೂ ಅನ್ನಿ. ಪೆದ್ದ ಅನ್ನಿ, ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು ಅನ್ನಿ, ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತೇನೆ. ಆದರೆ ನಾನು ವಿಚಾರಿಸಿದೆ ಸ್ವಾಮಿ, ಬಹಳ ವಿಚಾರಿಸಿದೆ. ಈಗ ಕೂತು ಯೋಚಿಸಿದರೆ ತಪ್ಪು ನನ್ನದಕ್ಕಿಂತ ಆ ಮಾತಿನದೇ ಅನ್ನಿಸುತ್ತದೆ. ನಮ್ಮಲ್ಲಿ ‘ವಿಚಾರಿಸು’ ಅನ್ನುವ ಒಂದೇ ಮಾತಿಗೆ ಎಷ್ಟು ಕೆಲಸ ಹಚ್ಚಿದ್ದೇವೆ ನೋಡಿ. ಹೆಣ್ಣು ಕೊಡುವ ಮೊದಲು ಗಂಡಿನ ಬಗ್ಗೆ ವಿಚಾರಿಸುತ್ತೇವೆ. ಹುಷಾರಿಲ್ಲದವರ ಮನೆಗೆ ಎಳನೀರು ಹಿಡಿದು ಹೋಗಿ ವಿಚಾರಿಸಿಕೊಂಡು ಬರುತ್ತೇವೆ. ಮದುವೆಯಲ್ಲಿ ಚೆನ್ನಾಗಿ ವಿಚಾರಿಸಿಕೊಂಡರು ಅಂದರೆ ಎರಡನೇ ಸಲವೂ ಹೋಳಿಗೆ ಬಂತು ಅಂತ ಅರ್ಥ. ‘ಇರು ಮಗನೇ, ನಿನ್ನ ವಿಚಾರಿಸ್ಕೊಳ್ತೀನಿ’ ಅಂದರೆ ಅಲ್ಲಿಂದ ಓಡಬೇಕು ಅಂತ ಅರ್ಥ. ನಾನು ಮೊದಲನೆಯದನ್ನು ಮಾಡಲು ಹೊರಟವನು ಮೂರನೆಯದನ್ನು ಮಾಡಿಸಿಕೊಂಡು ಬಂದೆ. ಈಗ ನಾಲ್ಕನೆಯದು ನಡೆಯುತ್ತಿದೆ, ಓಡಲು ಜಾಗವಿಲ್ಲ.

ನಾನು ಮುನಿರಾಜು, ವರ್ತೂರಿನವನು. ಅಪಾರ್ಟ್‌ಮೆಂಟಿನ ವರ್ತೂರಲ್ಲ, ಅದರ ಮಧ್ಯೆ ಸಿಕ್ಕಿಕೊಂಡಿರುವ ಹಳೇ ಊರಿನವನು. ಕೆಲಸ ಮಾಡಿದ್ದು ಮಾತ್ರ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವುದರಲ್ಲೇ ಅರ್ಧ ಆಯಸ್ಸು ಕಳೆಯಿತು. ಅಲ್ಲಿ ನಾನು ಕ್ವಾಲಿಟಿ ಚೆಕಿಂಗಿನಲ್ಲಿದ್ದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದ ಬೋಲ್ಟನ್ನೂ ಕೆಂಪು ಡಬ್ಬಕ್ಕೆ ಎಸೆಯುತ್ತಿದ್ದೆ. ನಾನು ಬರುವುದನ್ನು ಕಂಡರೆ ಮೆಷಿನ್ ಮುಂದೆ ನಿಂತವರು ‘ಬಂದ ನೋಡು ಕೆಂಪು ಡಬ್ಬ’ ಅನ್ನುತ್ತಿದ್ದರು, ನನಗದು ಹೆಮ್ಮೆ. ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಯಿತು, ನಾನು ಮನೆಗೆ ಬಂದೆ. ಮನೆಗೆ ಬಂದ ಗಂಡಸು ಏನು ಮಾಡಬೇಕು? ಸುಮ್ಮನೆ ಪೇಪರ್ ಓದಿಕೊಂಡು ಇರಬೇಕು. ಅಷ್ಟು ಮಾಡಿದ್ದರೆ ಈ ಕಥೆ ಹೇಳುವ ಗ್ರಹಚಾರ ಬರುತ್ತಿರಲಿಲ್ಲ.

ನಮ್ಮ ಮನೆಯ ಕೆಳಗೆ ರಸ್ತೆಗೆ ತೆರೆದುಕೊಂಡ ಒಂದು ಮಳಿಗೆ ಇದೆ. ಅದರಲ್ಲಿ ನನ್ನ ಹೆಂಡತಿ ರತ್ನ ಬ್ಲೌಸ್ ಹೊಲಿಯುತ್ತಿದ್ದಳು. ಹೊಲಿಯುವುದು ಅಂದರೆ ಬರೀ ಹೊಲಿಯುವುದಲ್ಲ. ಊರಿನ ಹೆಂಗಸರೆಲ್ಲ ಅಲ್ಲೇ ಇರುತ್ತಿದ್ದರು. ಯಾರ ಮನೆ ಬಾಡಿಗೆಗೆ ಇದೆ, ಯಾರ ಸೊಸೆ ತವರಿಗೆ ಹೋದಳು, ಟ್ಯಾಂಕರ್ ಇವತ್ತು ಯಾವ ಬೀದಿಗೆ ಬರುತ್ತದೆ, ಎಲ್ಲ ತೀರ್ಮಾನವಾಗುತ್ತಿದ್ದದ್ದು ಆ ಮಳಿಗೆಯಲ್ಲಿ. ನಾನು ಪೀಣ್ಯದಿಂದ ಬಂದಾಗ ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಕಣ್ಣಲ್ಲೇ ‘ಊಟ ಮೇಲಿದೆ’ ಅನ್ನುತ್ತಿದ್ದಳು. ಆ ನಾಲ್ಕು ಗೋಡೆಯ ಒಳಗೆ ಅವಳು ರಾಣಿ. ಆ ಮಳಿಗೆಯ ಮೇಲೆ ನನ್ನ ಕಣ್ಣು ಬಿತ್ತು.

ಕಣ್ಣು ಬೀಳಿಸಿದ್ದು ಒಂದು ಕಂಪನಿ. ಅದರ ಹೆಸರು ಹೇಳುವಂತಿಲ್ಲ, ಅಗ್ರಿಮೆಂಟಿನಲ್ಲಿ ಅದಕ್ಕೂ ಒಂದು ಕಲಂ ಇದೆಯಂತೆ. ಟೀ ಮಾರುವ ಕಂಪನಿ ಅಂದುಕೊಳ್ಳಿ. ಗುಲಾಬಿ ಟೀ, ವೀಳ್ಯದೆಲೆ ಟೀ, ಚಾಕೊಲೇಟ್ ಟೀ, ಟೀ ಒಂದನ್ನು ಬಿಟ್ಟು ಉಳಿದ ಎಲ್ಲ ರುಚಿಯ ಟೀ. ಬೋರ್ಡು ಅವರದು, ಪುಡಿ ಅವರದು, ಲೋಟ ಅವರದು. ಮಳಿಗೆ ನಮ್ಮದು, ದುಡಿಮೆ ನಮ್ಮದು. ಅದಕ್ಕೆ ಫ್ರಾಂಚೈಸಿ ಅನ್ನುತ್ತಾರೆ. ಅವರ ಏರಿಯಾ ಮ್ಯಾನೇಜರ್ ನಮ್ಮ ಬಾಗಿಲಲ್ಲಿ ನಿಂತು ಎದುರಿನ ಟೆಕ್ಕಿಗಳ ಕಾರಿನ ಸಾಲನ್ನು ತೋರಿಸಿ, “ಸಾರ್, ಇವರೆಲ್ಲ ಟೀ ಕುಡಿಯೋರು” ಅಂದ. ಅವರೆಲ್ಲ ಟೀ ಕುಡಿಯುವವರು ನಿಜ. ಆದರೆ ಟ್ರಾಫಿಕ್ಕಿನಲ್ಲಿ ಕಾರಿಂದ ಇಳಿಯುವವರಲ್ಲ. ಕೂದಲೆಳೆ ಅಳೆಯುತ್ತಿದ್ದ ನನಗೆ ಅದು ಹೊಳೆಯಲಿಲ್ಲ.

ರತ್ನ ಕೇಳಿದ್ದು ಒಂದೇ ಪ್ರಶ್ನೆ. “ವಿಚಾರ್ಸಿದ್ರಾ?”

“ವಿಚಾರಿಸ್ದೆ ತಗೊಳೋಕೆ ನಾನೇನು ಹುಚ್ಚನಾ?” ಅಂದೆ.

“ನಮ್ಮಪ್ಪನೂ ವಿಚಾರ್ಸಿಯೇ ನನ್ನ ಇಲ್ಲಿಗೆ ಕೊಟ್ಟಿದ್ದು” ಅಂದಳು.

ಇದಕ್ಕೊಂದು ಹಿನ್ನೆಲೆ ಇದೆ. ನಮ್ಮ ಮದುವೆಗೆ ಮೊದಲು ನಮ್ಮ ಮಾವನವರು ನನ್ನ ಬಗ್ಗೆ ವಿಚಾರಿಸಲು ಹೊಸಕೋಟೆ ಕಡೆಯಿಂದ ಯಾರಿಗೂ ಹೇಳದೆ ವರ್ತೂರಿಗೆ ಬಂದಿದ್ದರು. ಬಸ್ಸಿಳಿದು ಮೊದಲು ಸಿಕ್ಕಿದವರನ್ನೇ ಕೇಳಿದರು. ಸಿಕ್ಕಿದವರು ನಮ್ಮ ವೆಂಕಟಪ್ಪ ಚಿಕ್ಕಪ್ಪ. ಊರಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಜಾಯಮಾನ ಅವರದಲ್ಲ. ನೇರ ಮನೆಗೆ ಕರೆದುಕೊಂಡು ಹೋಗಿ, ಕೋಳಿ ಕೊಯ್ಸಿ, ಮುದ್ದೆ ಮೇಲೆ ಮುದ್ದೆ ಹಾಕಿಸಿ, ಮಂಚ ಹಾಕಿ ಮಲಗಿಸಿದರು. ಮಾವನವರು ಎದ್ದು, ಎಲೆಅಡಿಕೆ ಹಾಕಿಕೊಂಡು ಬಸ್ಸು ಹತ್ತಿದರು. ತಮ್ಮ ಊರಿಗೆ ಹೋಗಿ ‘ಬಾಳ ಒಳ್ಳೇ ಜನ’ ಅಂದರು. ಹುಡುಗ ಹೇಗೆ ಅಂತ ಮನೆಯವರು ಕೇಳಿದಾಗಲೇ ಅವರಿಗೆ ನೆನಪಾದದ್ದು, ಹುಡುಗನ ಬಗ್ಗೆ ಕೇಳುವುದೇ ಮರೆತುಹೋಗಿತ್ತು ಅಂತ. ಇಷ್ಟು ವರ್ಷವಾದರೂ ರತ್ನ ಆ ಕೋಳಿಯನ್ನು ಕ್ಷಮಿಸಿಲ್ಲ.

ಆಮೇಲೆ ಅವಳು, “ಒಂದು ವರ್ಷ ನೋಡಿ. ಆಗ್ಲಿಲ್ಲ ಅಂದ್ರೆ ನನ್ನ ಅಂಗಡಿ ನನಗೆ ವಾಪಸ್ ಕೊಡಬೇಕು” ಅಂದಳು. ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ನನ್ನ ತಲೆಯ ಮೇಲೆಯೇ. ಅಷ್ಟು ಧೈರ್ಯ ಇತ್ತು.

ಸರಿ, ವಿಚಾರಿಸಲು ಹೊರಟೆ. ಅದೇ ಕಂಪನಿಯ ಅಂಗಡಿ ಲಗ್ಗೆರೆಯಲ್ಲೊಂದು ಇತ್ತು, ಪೀಣ್ಯದ ಪಕ್ಕ, ನನಗೆ ಗೊತ್ತಿದ್ದ ಜಾಗ. ಮೊದಲು ಎದುರು ರಸ್ತೆಯಲ್ಲಿ ನಿಂತು, ಬೋಲ್ಟು ನೋಡುವ ಕಣ್ಣಲ್ಲೇ ಅಂಗಡಿಯನ್ನು ನೋಡಿದೆ. ಅಂಗಡಿ ತುಂಬ ಜನ! ಕೂತವರು ಏಳುತ್ತಿಲ್ಲ, ನಿಂತವರಿಗೆ ಜಾಗವಿಲ್ಲ, ಒಳಗಿಂದ ಟೀ ಬರುತ್ತಲೇ ಇದೆ. ಅವರಲ್ಲಿ ಒಬ್ಬನಾದರೂ ಜೇಬಿಗೆ ಕೈ ಹಾಕಿದನಾ, ಫೋನ್ ಎತ್ತಿ ಸ್ಕ್ಯಾನ್ ಮಾಡಿದನಾ ಅಂತ ನೋಡಲಿಲ್ಲ. ಜನ ನೋಡಿದೆ, ಸಾಕಾಯಿತು.

ಮಾಲೀಕರು ಶಿವಣ್ಣ ಅಂತ, ನನ್ನ ವಯಸ್ಸಿನವರೇ. ಮೊದಲು ಅಲ್ಲಿ ಅವರದೇ ಹಿಟ್ಟಿನ ಗಿರಣಿ ಇತ್ತಂತೆ. ವಿಚಾರಿಸಲು ಬಂದಿದ್ದೇನೆ ಅಂದೆ. “ಬನ್ನಿ ಬನ್ನಿ ಕೂತ್ಕೊಳ್ಳಿ” ಅಂತ ಟೀ ತರಿಸಿದರು. ಯಾವೂರು, ಯಾರ ಪೈಕಿ ಅಂತ ಕೇಳುತ್ತಾ ಹೋದರು. ಹೊಸಕೋಟೆಯ ನಮ್ಮ ಮಾವನ ಕಡೆಯಿಂದ ಬಳಸಿಕೊಂಡು ಬಂದರೆ ಅವರ ಅತ್ತಿಗೆಗೂ ನಮಗೂ ಏನೋ ಒಂದು ಸಂಬಂಧ ಸಿಕ್ಕಿತು. “ಅಯ್ಯೋ, ನೀವು ನಮ್ಮೋರೇ!” ಅಂದರು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು, ಅವರದು ಶುರುವಾಯಿತು. ಮೇಲಿನ ಮನೆಗೆ ಕರೆದುಕೊಂಡು ಹೋಗಿ ಬಸ್ಸಾರು, ಮುದ್ದೆ, ಮೇಲೆ ಮಜ್ಜಿಗೆ. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಬಸ್ಸಾರಿನಲ್ಲಿ ಮುಳುಗಿದವು. ಅನ್ನ ಹಾಕಿದವರನ್ನು ‘ನಿಮಗೆ ಲಾಸ್ ಆಗ್ತಿದೆಯಾ’ ಅಂತ ಕೇಳುವುದು ಹೇಗೆ?

ಆದರೂ ಹೊರಡುವಾಗ ಶಿವಣ್ಣ ಗೇಟಿನ ತನಕ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, ಮೆಲ್ಲಗೆ, “ಅಣ್ಣ, ನಮ್ಮೋರು ಅಂತ ಹೇಳ್ತಾ ಇದ್ದೀನಿ. ಬೇಡ. ಇದನ್ನ ತಗೋಬೇಡಿ” ಅಂದರು.

ನೋಡಿ, ನಿಜ ಇಷ್ಟು ಸ್ಪಷ್ಟವಾಗಿ, ಇಷ್ಟು ಒಳ್ಳೆಯ ಕನ್ನಡದಲ್ಲಿ, ಎರಡೂ ಕೈ ಹಿಡಿದುಕೊಂಡು ಯಾರಿಗೆ ಸಿಗುತ್ತದೆ? ನನಗೆ ಸಿಕ್ಕಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಂಗಡಿ ತುಂಬ ಜನ, ಆದರೂ ಬೇಡ ಅನ್ನುತ್ತಾರೆ. ಅಂದರೆ ಏನು? ಇನ್ನೊಬ್ಬ ಬೆಳೆಯುವುದು ಬೇಡ ಅಂತ! ಹೊಟ್ಟೆಕಿಚ್ಚು! ಬಸ್ಸಾರು ಹಾಕಿ ಬಾಯಿ ಮುಚ್ಚಿಸಲು ನೋಡಿದರು, ಆಗದಿದ್ದಾಗ ಕೈ ಹಿಡಿದರು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮಾರತ್‌ಹಳ್ಳಿ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟೆ.

“ಏನಂದ್ರು?” ಅಂದಳು ರತ್ನ.

“ಬೇಡ ಅಂದ್ರು. ಅದಕ್ಕೇ ತಗೊಳ್ಳೋಣ” ಅಂದೆ.

ಅವಳು ಹೊಲಿಗೆ ಮೆಷಿನ್ನಿನ ಬೆಲ್ಟು ಬಿಚ್ಚಿದಳು. ಮಾರನೇ ದಿನ ಮೆಷಿನ್ನು ಮೆಟ್ಟಿಲ ಕೆಳಗೆ ಹೋಯಿತು, ಸಂಪಿನ ಮೋಟರ್ ಪಕ್ಕಕ್ಕೆ. ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತದೆ. ಬರುವ ಹೆಂಗಸರು ಬಗ್ಗಿಕೊಂಡೇ ಅಳತೆ ಕೊಡಬೇಕು. ಕೆಲವರು ಬರುವುದನ್ನೇ ಬಿಟ್ಟರು.

ಅಂಗಡಿ ತೆರೆದ ದಿನ ನಮ್ಮ ಹಳೇ ಊರೇ ಬಂತು. ಕಂಪನಿಯ ನಿಯಮ ಏನೆಂದರೆ ಒಳಗೆ ಬಂದವರಿಗೆಲ್ಲ ಇಂಗ್ಲಿಷಿನಲ್ಲಿ ಸ್ವಾಗತ ಹೇಳಬೇಕು. ಎದೆಯ ಮೇಲೆ ಕೈಯಿಟ್ಟು, ಹಲ್ಲು ಕಾಣುವಂತೆ. ಮೊದಲು ಬಂದವರು ವೆಂಕಟಪ್ಪ ಚಿಕ್ಕಪ್ಪ, ಈಗ ಅವರಿಗೆ ವಯಸ್ಸು ಬಹಳ ಆಗಿದೆ, ಕೋಲು ಹಿಡಿದು ಓಡಾಡುತ್ತಾರೆ. ನಾನು ಎದೆಯ ಮೇಲೆ ಕೈಯಿಟ್ಟು ‘ವೆಲ್ಕಮ್’ ಅಂತ ಶುರುಮಾಡಿದೆ.

“ಏನ್ಲಾ ಮುನಿರಾಜ, ನನ್ಗೇ ಇಂಗ್ಲೀಸಾ?” ಅಂದರು. “ಮನೆ ಬಾಗ್ಲಿಗ್ ಬಂದೋರ್ನ ಇಂಗೇನ್ಲಾ ವಿಚಾರ್ಸೋದು?”

ಕೂರಿಸಿ ಟೀ ಕೊಟ್ಟೆ. ಫ್ರಾಂಚೈಸಿ ಅನ್ನುವುದು ಒಂದು ಬಗೆಯ ಚಾಯ್ ಅಂತಲೇ ಅವರು ತಿಳಿದಿದ್ದಾರೆ. “ಇನ್ನೊಂದ್ ಪ್ರಾನ್‌ಚಾಯ್ ಕೊಡ್ಲಾ, ಸಕ್ಕರೆ ಜಾಸ್ತಿ ಹಾಕು” ಅಂದರು. ಅಂದಿನಿಂದ ದಿನಾ ಬರುತ್ತಾರೆ, ಜೊತೆಗೆ ಅವರ ಓರಗೆಯವರು ಬರುತ್ತಾರೆ. ಒಳಗೆ ಏಸಿ ಇದೆ, ವರ್ತೂರು ಕೆರೆಯ ಕೊಳಚೆ ವಾಸನೆ ಬರುವುದಿಲ್ಲ, ಮಧ್ಯಾಹ್ನದ ತನಕ ಸುಖವಾಗಿ ಕೂರುತ್ತಾರೆ. ಅವರ ಹಿಂದೆ ಅವರನ್ನು ಹುಡುಕಿಕೊಂಡು ಮಕ್ಕಳು, ಮಕ್ಕಳನ್ನು ಹುಡುಕಿಕೊಂಡು ಸೊಸೆಯಂದಿರು. ಎಲ್ಲರೂ ನಮ್ಮವರೇ. ಚಿಕ್ಕಪ್ಪನ ಹತ್ತಿರ ಟೀಗೆ ದುಡ್ಡು ಇಸ್ಕೊಳ್ಳೋದಾ? ದೊಡ್ಡಮ್ಮನ ಮಗನ ಮುಂದೆ ಸ್ಕ್ಯಾನರ್ ಹಿಡಿಯೋದಾ? ಒಂದೇ ಒಂದು ಸಲ, ದೂರದ ಸಂಬಂಧದ ಒಬ್ಬ ಭಾವಮೈದುನನ ಹತ್ತಿರ, ಅದೂ ಬೇರೆ ಕಡೆ ನೋಡಿಕೊಂಡು, ದುಡ್ಡು ತಗೊಂಡೆ. ಸಂಜೆಯೊಳಗೆ ಊರೆಲ್ಲ ಸುದ್ದಿ. “ಮುನಿರಾಜ ಮನೆಗ್ ಬಂದೋರ್ ತಾವ ಟೀಗ್ ಕಾಸ್ ಇಸ್ಕೊಂಡ್ನಂತೆ.” ಆ ವಾರ ಅವರ ಮನೆಯ ನಾಮಕರಣಕ್ಕೆ ನಮ್ಮನ್ನು ಫೋನಿನಲ್ಲಿ ಕರೆದರು. ಫೋನಿನಲ್ಲಿ ಕರೆಯುವುದು ಅಂದರೆ ಏನು ಅಂತ ನಿಮಗೆ ಗೊತ್ತಲ್ಲ, ಬರದಿದ್ದರೂ ನಡೆಯುತ್ತದೆ ಅಂತ.

ಅಪಾರ್ಟ್‌ಮೆಂಟಿನವರು ಬರಬಹುದು ಅಂತ ಕಾದೆ. ಅವರು ಬಾಗಿಲ ತನಕ ಬಂದು, ಒಳಗೆ ಕಂಬಳಿ ಹೊದ್ದು ಕೂತ ನಮ್ಮ ಹಿರಿಯರನ್ನು ನೋಡಿ, ಜಾಗವಿಲ್ಲ ಅಂತ ಹೊರಟುಹೋಗುತ್ತಿದ್ದರು. ಹೋಗಿ ಎದುರಿನ ಗಾಡಿಯಲ್ಲಿ ನಿಂತು ಶುಂಠಿ ಟೀ ಕುಡಿಯುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಸಂಜೆ ಅಲ್ಲೇ ಕುಡಿಯುವುದು. ನಮ್ಮದು ಬಾಯಿಗೆ ಇಡುವಂತಿಲ್ಲ.

ವರ್ಷ ತುಂಬುತ್ತಾ ಬಂತು. ರತ್ನ ಕೇಳಲಿಲ್ಲ. ಅದೇ ನನಗೆ ಕಷ್ಟವಾಗಿದ್ದು. ಬೈದಿದ್ದರೆ ತಿರುಗಿ ಎರಡು ಮಾತಾಡಿ ಹಗುರಾಗಬಹುದಿತ್ತು. ಅವಳು ಮೆಟ್ಟಿಲ ಕೆಳಗೆ ಬಗ್ಗಿಕೊಂಡು ಹೊಲಿಯುತ್ತಿದ್ದಳು, ಸಂಜೆ ಎದ್ದು ನಿಂತಾಗ ಸೊಂಟ ಹಿಡಿದುಕೊಂಡು ಒಂದು ಕ್ಷಣ ಗೋಡೆಗೆ ಒರಗುತ್ತಿದ್ದಳು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಅಂಗಡಿ ಮುಚ್ಚುತ್ತೇನೆ ಅಂತ ಕಂಪನಿಗೆ ಫೋನ್ ಮಾಡಿದೆ. ಏರಿಯಾ ಮ್ಯಾನೇಜರ್ ಬಹಳ ನಯವಾಗಿ, “ಸಾರ್, ಐದು ವರ್ಷ ಬೋರ್ಡ್ ಇಳಿಸೋ ಹಾಗಿಲ್ಲ, ಸೈನ್ ಮಾಡಿದ್ದೀರಲ್ಲ” ಅಂದ. ಕೂದಲೆಳೆ ಅಳೆಯುವವನು ಕಾಗದ ಓದಿರಲಿಲ್ಲ. ಅಳುವುದಕ್ಕೆ ಒಂದು ಹೆಗಲಾದರೂ ಬೇಕಲ್ಲ, ಲಗ್ಗೆರೆಗೆ ಹೊರಟೆ.

ಹೋಗಿ ನೋಡಿದರೆ ಬೋರ್ಡೇ ಇಲ್ಲ. ಗಿರಣಿ ಮತ್ತೆ ಗರಗರ ತಿರುಗುತ್ತಿದೆ, ಶಿವಣ್ಣ ಹುಬ್ಬಿನ ತನಕ ರಾಗಿ ಹಿಟ್ಟು ಮೆತ್ತಿಕೊಂಡು ನಗುತ್ತಾ ನಿಂತಿದ್ದಾರೆ! ಎಳೆದುಕೊಂಡು ಹೋಗಿ ಮತ್ತೆ ಮುದ್ದೆಗೆ ಕೂರಿಸಿದರು. ನಿಮ್ಮಂಗಡಿಯಲ್ಲಿ ಅಷ್ಟು ಜನ ಇದ್ದರಲ್ಲ ಅಂದೆ. “ಎಲ್ಲ ನಮ್ಮೋರೇ ಅಣ್ಣ” ಅಂದರು, “ಯಾರೂ ಕಾಸು ಬಿಚ್ತಿರಲಿಲ್ಲ. ಅದಕ್ಕೇ ಅಲ್ವಾ ನಿಮಗೆ ಬೇಡ ಅಂದಿದ್ದು?”

“ಐದು ವರ್ಷ ಬಿಡಲ್ಲ ಅಂತಾರೆ, ನಿಮ್ಮನ್ನ ಹೇಗೆ ಬಿಟ್ರು?” ಅಂದೆ.

ಶಿವಣ್ಣ ಸಾರಿನ ಬಟ್ಟಲು ನೋಡಿದರು. “ಅದು... ನಮ್ಮ ಅಂಗಡಿ ನೋಡ್ಕೊಂಡು ಹೋಗಿ ಯಾರಾದ್ರೂ ಒಬ್ರು ಹೊಸಬರು ಸೇರಿದ್ರೆ ನಮ್ಮನ್ನ ಬಿಡ್ತಾರೆ ಅಣ್ಣ. ನೀವು ಸೇರಿದ್ರಲ್ಲ.” ಆಮೇಲೆ ಗಾಬರಿಯಿಂದ, “ಆದ್ರೆ ನಾನು ಬೇಡ ಅಂತ್ಲೇ ಹೇಳಿದ್ದು! ದೇವರಾಣೆ ಹೇಳಿದ್ದು!” ಅಂದರು.

ಹೇಳಿದ್ದು ನಿಜ. ಬಾಯಲ್ಲಿ ಅವರ ಮನೆಯ ಮುದ್ದೆ, ಜಗಳವಾಡಲೂ ಆಗಲಿಲ್ಲ. ಬರುವಾಗ ಒಂದು ಚೀಲ ರಾಗಿ ಹಿಟ್ಟು ಬೇರೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದೆ. ನಿಜ ಹೇಳಬೇಕು ಅಂತ ಹೇಳಿದರೋ, ನಿಜ ಹೇಳಿದರೆ ಈ ಮನುಷ್ಯ ಖಂಡಿತ ತಗೊಳ್ಳುತ್ತಾನೆ ಅಂತ ಗೊತ್ತಿದ್ದು ಹೇಳಿದರೋ? ಎಷ್ಟು ತಿಣುಕಿದರೂ ತಿಳಿಯಲಿಲ್ಲ. ಮನೆಗೆ ಬಂದು ಎಲ್ಲವನ್ನೂ ರತ್ನನಿಗೆ ಹೇಳಿದೆ. “ಹಂಗಾದ್ರೆ ಯಾರಾದ್ರೂ ಒಬ್ರು ಬರಬೇಕು” ಅಂದಳು, ಅಷ್ಟೇ. ಅವಳ ದನಿಯಲ್ಲಿ ಇದ್ದ ಆಸೆ ಕೇಳಿ ನನಗೆ ಸಂಕಟವಾಯಿತು.

ಹೋದ ವಾರ ಒಬ್ಬರು ಬಂದರು. ಚಂದಾಪುರದ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ಈಗ ಮನೆಯಲ್ಲಿದ್ದಾರಂತೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. “ಸಾರ್, ಸ್ವಲ್ಪ ವಿಚಾರಿಸೋಣ ಅಂತ ಬಂದೆ” ಅಂದರು. ಆ ಮಾತು ಕೇಳಿದ್ದೇ ಮೆಟ್ಟಿಲ ಕೆಳಗೆ ಓಡುತ್ತಿದ್ದ ಹೊಲಿಗೆ ಮೆಷಿನ್ನು ನಿಂತಿತು.

ಟೀ ಕೊಟ್ಟೆ. ಯಾವೂರು, ಯಾರ ಪೈಕಿ ಅಂತ ಕೇಳದೆ ಇರಲಾಗಲಿಲ್ಲ, ಸದ್ಯ ಸಂಬಂಧ ಏನೂ ಸಿಗಲಿಲ್ಲ. ಅವರು ಕೇಳಿದರು, “ವ್ಯಾಪಾರ ಹೇಗಿದೆ ಸಾರ್?” ನನ್ನ ಬೆನ್ನ ಹಿಂದೆ ಚಿಕ್ಕಪ್ಪನವರ ಗುಂಪು ಗಿಜಿಗಿಜಿ ಅನ್ನುತ್ತಿತ್ತು. ಮೆಷಿನ್ನಿನ ಸದ್ದಿಲ್ಲ. ಏನೂ ಹೇಳದೆ ನಕ್ಕಿದ್ದರೂ ಸಾಕಿತ್ತು. ‘ಚೆನ್ನಾಗಿದೆ’ ಅಂತ ಒಂದು ಮಾತು ಅಂದಿದ್ದರೆ ಮಳಿಗೆ ರತ್ನನದು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಜೇಬಿನ ಪೆನ್ನು ನೋಡಿ ನನಗೆ ನಾನೇ ಕಂಡಂತಾಯಿತು. ಅವರ ಮನೆಯಲ್ಲೂ ಯಾರೋ ಒಬ್ಬರು ರತ್ನನ ಹಾಗೆ ಏನನ್ನೋ ಬಿಚ್ಚಿ ಎತ್ತಿಡಬೇಕಾಗುತ್ತದೆ ಅನ್ನಿಸಿತು. ಅವರ ಎರಡೂ ಕೈ ಹಿಡಿದುಕೊಂಡೆ.

“ಬೇಡ ಸಾರ್” ಅಂದೆ. “ನಾನು ಮುಳುಗಿ ಹೋಗಿದ್ದೀನಿ. ಇಲ್ಲಿ ಕೂತಿರೋರೆಲ್ಲ ನನ್ನ ನೆಂಟರು. ಒಬ್ಬರೂ ಕಾಸು ಕೊಡಲ್ಲ. ದಯವಿಟ್ಟು ತಗೋಬೇಡಿ.”

ಒಂದು ಕ್ಷಣ ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಣ್ಣಲ್ಲಿ ಒಂದು ಹೊಳಪು ಬಂತು. ನನಗೆ ಆ ಹೊಳಪು ಗೊತ್ತು, ಲಗ್ಗೆರೆಯಿಂದ ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನದೇ ಮುಖದಲ್ಲಿ ನೋಡಿದ್ದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, ಸಣ್ಣಗೆ ನಕ್ಕು, “ಅರ್ಥ ಆಯ್ತು ಸಾರ್” ಅಂದು ಹೊರಟರು.

“ಸಾರ್, ನಿಜವಾಗ್ಲೂ ಬೇಡ!” ಅಂತ ಬಾಗಿಲ ತನಕ ಓಡಿಹೋಗಿ ಕೂಗಿದೆ. ಕೂಗಿದಷ್ಟೂ ಅವರ ನಗು ಅಗಲವಾಯಿತು. ರಸ್ತೆ ದಾಟುತ್ತಲೇ ಕಂಪನಿಗೆ ಫೋನ್ ಮಾಡುತ್ತಿದ್ದರು.

ನನ್ನ ಹಿಂದೆ, ಮೆಟ್ಟಿಲ ಕೆಳಗಿಂದ ರತ್ನ ಹೊರಗೆ ಬಂದಿದ್ದಳು. ಅಳತೆ ಟೇಪು ಕೊರಳಲ್ಲೇ ಇತ್ತು. ಸೊಂಟ ನೆಟ್ಟಗೆ ಮಾಡಿಕೊಂಡು ಮಳಿಗೆಯ ಒಳಗೆ, ಮೊದಲು ಅವಳ ಮೆಷಿನ್ನು ಇದ್ದ ಕಿಟಕಿಯ ಜಾಗವನ್ನು ನೋಡುತ್ತಿದ್ದಳು.

“ನಾನು ನಿಜವನ್ನೇ ಹೇಳಿದೆ ಕಣೇ” ಅಂದೆ.

“ಗೊತ್ತು” ಅಂದಳು. “ಶಿವಣ್ಣನೂ ನಿಜವನ್ನೇ ಹೇಳಿದ್ದು.”

ಎದುರು ರಸ್ತೆಯಲ್ಲಿ ಆ ಮನುಷ್ಯ ಫೋನ್ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯ ಬೆರಳು ಮಡಿಸುತ್ತಾ, ಒಳಗೆ ಕೂತ ನನ್ನ ನೆಂಟರನ್ನು ಎಣಿಸುತ್ತಿದ್ದರು. ಬಿಸಿಲಿನಲ್ಲಿ ನಿಂತಿದ್ದಾರಲ್ಲ ಪಾಪ ಅಂತ ಇನ್ನೊಂದು ಲೋಟ ಟೀ ತಗೊಂಡು ಹೋಗಿ ಕೊಟ್ಟೆ. ಕಾಸು ತಗೊಳ್ಳಲಿಲ್ಲ. ಮನೆ ಬಾಗಿಲಿಗೆ ಬಂದವರನ್ನು ಅಷ್ಟಾದರೂ ವಿಚಾರಿಸಿಕೊಳ್ಳಬೇಕಲ್ಲ.